ಮೊದಲ ವಿಮಾನವೇ ಜೆಟ್ ಆಗಬೇಕೇ?

ಚಿಂತಾಮಣಿ ಊರಿನವರು ನೀವು. ರಿಮೋಟ್ ವಿಮಾನ ಯಾವತ್ತೂ ಹಾರಿಸಿಲ್ಲ, ನೇರವಾಗಿ ಕೊಳವೆಯೊಳಗೆ 70 ಮಿ.ಮೀ. ಅಗಲದ ವಿದ್ಯುತ್ ಫ್ಯಾನ್ ತಿರುಗುವ ಫೋಮ್ ಜೆಟ್ ಕೊಂಡು ಕೆರೆಯಂಗಳದಲ್ಲಿ ಹಾರಿಸಬಹುದೇ ಎಂದು ಕೇಳಿದ್ದೀರಿ.

ದಯವಿಟ್ಟು ಜೆಟ್ ಈಗಲೇ ಬೇಡ. ರೆಕ್ಕೆ ಮೇಲ್ಗಡೆ ಇರುವ ಫೋಮ್ ಟ್ರೇನರ್ (ಕಲಿಯುವವರ ವಿಮಾನ) ಒಂದನ್ನು ನೀವೇ ಕಟ್ಟಿ; ಬಿದ್ದರೂ ಅಂಟು ಹಚ್ಚಿ ಮತ್ತೆ ಹಾರಿಸಬಹುದು. ವಿಮಾನ ನಿಮ್ಮ ಕಡೆ ಬರುವಾಗ ಎಡ-ಬಲ ಅದಲುಬದಲಾಗುತ್ತದಲ್ಲ, ಅದು ಕೈಗೆ ಒಗ್ಗಲಿ. ಜೆಟ್‌ನಲ್ಲಿ ಯೋಚಿಸಲು ಪುರುಸೊತ್ತೇ ಸಿಗುವುದಿಲ್ಲ. ಮುಂದೆ ಪ್ರೊಪೆಲ್ಲರ್ ಇದ್ದರೆ ಅದರ ಗಾಳಿ ಬಾಲದ ಮೇಲೆ ಬೀಸುವುದರಿಂದ ನಿಧಾನವಾಗಿದ್ದಾಗಲೂ ಹಿಡಿತ ಸಿಗುತ್ತದೆ. ಜೆಟ್‌ನಲ್ಲಿ ಗಾಳಿ ಹಿಂದಿನ ಕೊಳವೆಯಿಂದ ಹೊರಟುಹೋಗುತ್ತದೆ, ಫ್ಯಾನ್ ವೇಗ ಹಿಡಿಯಲೂ ಕ್ಷಣ ಬೇಕು. ಹಾಗಾಗಿ ಜೆಟ್ ಇಳಿಸುವಾಗ ಥ್ರಾಟಲ್ (ಫ್ಯಾನ್ ವೇಗ ಏರಿಸಿ ಇಳಿಸುವ ಕಡ್ಡಿ) ಪೂರ್ತಿ ಮುಚ್ಚಬಾರದು. ಕೊನೇ ಗಳಿಗೆಯಲ್ಲಿ ಏರಿಸಿದರೆ ತಡವಾಗಿಹೋಗಿರುತ್ತದೆ.

ಒಣಗಿದ ಕೆರೆಯಂಗಳ ಟ್ರೇನರ್‌ಗೆ ಚೆನ್ನ. ಚಕ್ರದ ಜೆಟ್‌ಗೆ ಅಲ್ಲ: ಧೂಳು, ಕಲ್ಲಿನ ಚೂರು ಒಳಕ್ಕೆ ಎಳೆದುಕೊಂಡು ಫ್ಯಾನ್ ಬ್ಲೇಡ್ ಹಾಳಾಗುತ್ತದೆ. ಮುಂದೆ ಜೆಟ್‌ಗೆ ಬಂದಾಗ ಕೈಯಿಂದ ಎಸೆದು ಹಾರಿಸುವ 64 ಮಿ.ಮೀ. ಫ್ಯಾನ್‌ನದ್ದು ನೋಡಿ. ದ್ರಾಕ್ಷಿ ಚಪ್ಪರ, ಕರೆಂಟ್ ತಂತಿ ಇರುವ ಕಡೆ ಬೇಡವೇ ಬೇಡ.

ಹೊರಡುವ ಮೊದಲು ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈಯ ನಕ್ಷೆಯಲ್ಲಿ ಆ ಜಾಗ ಹಸಿರು ವಲಯವೇ (ಮುಂಚಿತ ಅನುಮತಿ ಬೇಡದ ಜಾಗವೇ) ನೋಡಿಕೊಳ್ಳಿ. ಅಲ್ಲೂ 120 ಮೀಟರ್‌ ಮೇಲೆ ಹೋಗಬೇಡಿ. ವಿಮಾನದ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಚಾರ್ಜ್‌ಗೆ ಹಾಕಿ ಮಲಗಲೇಬೇಡಿ. ಬಳಸದೆ ಎತ್ತಿಡುವಾಗ ಬ್ಯಾಟರಿಯ ಒಂದೊಂದು ಸೆಲ್ 3.8 ವೋಲ್ಟ್ ಆಸುಪಾಸಿನಲ್ಲಿರಲಿ.