ಓದುಗರ ಪ್ರಶ್ನೆ: ಕುರಿ ತಳಿ ಮತ್ತು ನಮ್ಮ ಬಿಸಿಲು

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲೂಕು. ಬಳ್ಳಾರಿ ತಳಿಯ ಕುರಿ ಸಾಕಿದ್ದೇವೆ. ಮಗ ಡಾರ್ಪರ್ ಟಗರು ತರೋಣ, ಮರಿ ಬೇಗ ತೂಕ ಬರುತ್ತದೆ ಅಂತ ಹಟ ಹಿಡಿದಿದ್ದಾನೆ. ಬೆರಕೆ ಮರಿ ನಮ್ಮ ಬಿಸಿಲು ತಡೆಯುತ್ತದಾ? ತಡೆಯುವ ಗುಣ ಯಾವ ಜೀನ್‌ನಲ್ಲಿದೆ?

ಉತ್ತರ: ನಿಮ್ಮ ಮಗ ಹೇಳುವುದು ಸುಳ್ಳಲ್ಲ. ಡಾರ್ಪರ್ ಮರಿ ಬೇಗ ಬೆಳೆಯುತ್ತದೆ. ಅದು ತಂಪು ನಾಡಿನ ಕುರಿಯೂ ಅಲ್ಲ. ದಕ್ಷಿಣ ಆಫ್ರಿಕಾದವರು 1930ರ ದಶಕದಲ್ಲಿ ಇಂಗ್ಲೆಂಡಿನ ಡಾರ್ಸೆಟ್ ಹಾರ್ನ್ ಮತ್ತು ಕರಿತಲೆಯ ಪರ್ಷಿಯನ್ ಕುರಿಯನ್ನು ಕೂಡಿಸಿ, ತಮ್ಮ ಒಣ ಪ್ರದೇಶಕ್ಕೆಂದೇ ಮಾಡಿಕೊಂಡ ತಳಿ ಅದು. ಆದರೆ ಅವರ ಒಣ ಭೂಮಿ ಬೇರೆ, ನಮ್ಮದು ಬೇರೆ.

ಬಿಸಿಲು ತಡೆಯುವ ಜೀನ್ ಅಂತ ಒಂದೇ ಒಂದು ಇಲ್ಲ. ಮೈಯ ಗಾತ್ರ, ಕಾಲಿನ ಉದ್ದ, ಉಣ್ಣೆ ಎಷ್ಟು ಒತ್ತಾಗಿದೆ, ಏದುಸಿರು ಬಿಟ್ಟು ಮೈ ಎಷ್ಟು ಬೇಗ ತಣಿಸಿಕೊಳ್ಳುತ್ತದೆ, ನೀರಿಲ್ಲದಾಗ ಮೂತ್ರ ಎಷ್ಟು ಗಟ್ಟಿ ಮಾಡಿಕೊಳ್ಳುತ್ತದೆ, ಒಣ ಹುಲ್ಲು ತಿಂದೂ ಮರಿಗೆ ಹಾಲು ಕೊಡುತ್ತದಾ, ಇದೆಲ್ಲ ಸೇರಿದ್ದು ಆ ಗುಣ. ಒಂದೊಂದರ ಹಿಂದೆಯೂ ಹತ್ತಾರು ಜೀನ್, ಒಂದೊಂದರದ್ದೂ ಸಣ್ಣ ಪಾಲು. ಬರಗಾಲದಲ್ಲಿ ತಡೆಯದವು ಸತ್ತು, ತಡೆದವು ಮರಿ ಹಾಕಿ, ನೂರಾರು ತಲೆಮಾರು ದಾಟಿ ಈ ಜೀನ್‌ಗಳು ನಿಮ್ಮ ಮಂದೆಯಲ್ಲಿ ಕೂಡಿಕೊಂಡಿವೆ. ಇದಕ್ಕೆ ಬೆಲೆ ಕಟ್ಟುವವರು ಸಂತೆಯಲ್ಲಿ ಯಾರೂ ಇಲ್ಲ, ಅದೇ ನನಗೆ ಬೇಸರ.

ಮೊದಲ ಬೆರಕೆ ಮರಿಯಲ್ಲಿ ಅರ್ಧ ನಿಮ್ಮ ಕುರಿಯದು, ಅರ್ಧ ಟಗರಿನದು. ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ತೊಂದರೆ ಬರುವುದು ಆಮೇಲೆ. ಆ ಹೆಣ್ಣು ಮರಿಯನ್ನೇ ಉಳಿಸಿಕೊಂಡು ಮತ್ತೆ ಡಾರ್ಪರ್‌ಗೆ ಬಿಟ್ಟರೆ ನಿಮ್ಮ ತಳಿಯ ಪಾಲು ಕಾಲು ಭಾಗ, ಇನ್ನೊಂದು ಸುತ್ತಿಗೆ ಎಂಟರಲ್ಲಿ ಒಂದು. ಚದುರಿಹೋದ ಆ ಸಣ್ಣ ಪಾಲುಗಳನ್ನು ಒಂದು ಟಗರು ತಂದು ಮತ್ತೆ ಸೇರಿಸೋಕಾಗಲ್ಲ.

ಹಾಗಾಗಿ ಹೀಗೆ ಮಾಡಿ. ಒಳ್ಳೆಯ ಹೆಣ್ಣು ಕುರಿಗಳನ್ನು ಬೇರೆ ಇಟ್ಟು ಬಳ್ಳಾರಿ ಟಗರಿಗೇ ಬಿಡಿ. ರೊಪ್ಪಕ್ಕೆ ಮುಂದಿನ ತಾಯಿಗಳು ಅಲ್ಲಿಂದಲೇ ಬರಲಿ. ಉಳಿದವಕ್ಕೆ ಡಾರ್ಪರ್ ಬಿಟ್ಟು, ಬೆರಕೆ ಮರಿಗಳನ್ನು ಹೆಣ್ಣು ಗಂಡೆನ್ನದೆ ಎಲ್ಲವನ್ನೂ ಮಾರಿ. ಬೆರಕೆ ಮರಿಗೆ ಕೈ ಮೇವು ಬೇಕು, ಬರೀ ಬಯಲು ಮೇಯಿಸಿ ಆ ತೂಕ ಬರಲ್ಲ. ನಿಮ್ಮ ಟಗರನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ತನ್ನ ಮಗಳಿಗೇ ಹಾರುತ್ತದೆ. ಹೊಸದನ್ನು ಆರಿಸುವಾಗ ಬರೀ ಮೈಕಟ್ಟು ನೋಡಬೇಡಿ, ಬರಗಾಲದ ವರ್ಷದಲ್ಲೂ ಮರಿ ಉಳಿಸಿಕೊಂಡ ತಾಯಿಯ ಮಗನನ್ನು ಹುಡುಕಿ.

ಪ್ರಶ್ನೆ: ಜಗಳೂರಿನಲ್ಲಿ ಪರಿಚಯದವರೊಬ್ಬರು ಅವಳಿ ಮರಿ ಹಾಕುವ ನಾರಿ ಸುವರ್ಣ ಕುರಿ ತಂದಿದ್ದಾರೆ. ಅದೂ ಬೆರಕೆಯೇ ಅಲ್ವಾ?

ಉತ್ತರ: ಬೆರಕೆಯೇ, ಆದರೆ ಲೆಕ್ಕ ಬೇರೆ. ಇಲ್ಲಿ ಬೇಕಾದದ್ದು ಒಂದೇ ಜೀನ್. ಹೆಸರು ಫೆಕ್‌ಬಿ. ಬಂಗಾಳದ ಸುಂದರಬನದ ಕೆಸರಲ್ಲಿ ಮೇಯುವ ಗಾರೋಲ್ ಎಂಬ ಪುಟ್ಟ ಕುರಿಯಿಂದ ಅದನ್ನು ಮಹಾರಾಷ್ಟ್ರದ ಫಲ್ಟಣದಲ್ಲಿ ದಖ್ಖನಿ ಕುರಿಗೆ ತಂದರು. ಒಂದೇ ಜೀನ್ ಆದ್ದರಿಂದ ಪ್ರತಿ ಮರಿಯ ರಕ್ತ ಪರೀಕ್ಷೆ ಮಾಡಿ, ಅದು ಇರುವ ಮರಿಯನ್ನಷ್ಟೇ ಉಳಿಸಿ, ಮತ್ತೆ ಮತ್ತೆ ದಖ್ಖನಿಗೇ ಕೂಡಿಸುತ್ತಾ ಹೋಗಬಹುದು. ಉಳಿದ ಮೈಯೆಲ್ಲ ಬಹುಪಾಲು ನಮ್ಮ ನಾಡಿನದೇ ಆಗುತ್ತದೆ. ಆದರೆ ಎರಡು ಮರಿಗೆ ಸಾಕಾಗುವಷ್ಟು ಹಾಲು ಬರಬೇಕಾದರೆ ತಾಯಿಗೆ ಜಾಸ್ತಿ ಮೇವು ಕೊಡಲೇಬೇಕು. ಮೇವಿಲ್ಲದವರಿಗೆ ಒಂದೇ ಗಟ್ಟಿ ಮರಿ ಮೇಲು.

ಪ್ರಶ್ನೆ: ಬೇಸಿಗೆಗೆ ಮುಂಚೆ ಉಣ್ಣೆ ಪೂರ್ತಿ ಕತ್ತರಿಸಬೇಕಾ? (ಹಿರಿಯೂರು)

ಉತ್ತರ: ನುಣ್ಣಗೆ ಬೇಡ. ನಮ್ಮ ಕುರಿಯ ಒರಟು ಉಣ್ಣೆ ಗಾಳಿ ಆಡಲು ಬಿಡುತ್ತದೆ, ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆಯೂ ತಡೆಯುತ್ತದೆ. ಒಂದು ಬೆರಳಿನ ದಪ್ಪದಷ್ಟು ಬಿಟ್ಟು ಕತ್ತರಿಸಿ. ಕತ್ತರಿಸಿದ ಮೊದಲ ಕೆಲವು ದಿನ ಮಟಮಟ ಮಧ್ಯಾಹ್ನ ಮರದ ನೆರಳಿಗೆ ಹೊಡೆದುಕೊಂಡು ಹೋಗಿ.