ಗ್ರಾಂ ನೆಗೆಟಿವ್ ಅಂತ ಬಂದಿದೆ, ಮತ್ತೆ ಜ್ವರ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮಂಗೆ 62 ವರ್ಷ, ಶುಗರ್ ಇದೆ. ನಾಲ್ಕೈದು ದಿನದಿಂದ ಉರಿಮೂತ್ರ, ರಾತ್ರಿಯಾದ್ರೆ ಚಳಿಜ್ವರ. ಯೂರಿನ್ ಕಲ್ಚರ್ ಮಾಡಿಸಿದ್ವಿ, ರಿಪೋರ್ಟಲ್ಲಿ 'ಗ್ರಾಂ ನೆಗೆಟಿವ್ ಬ್ಯಾಸಿಲೈ, ಇ. ಕೋಲಿ, 1 ಲಕ್ಷಕ್ಕಿಂತ ಹೆಚ್ಚು ಸಿಎಫ್‌ಯು' ಅಂತಿದೆ, ಕೆಳಗೆ ಔಷಧಿ ಹೆಸರುಗಳ ಮುಂದೆ ಎಸ್, ಆರ್ ಅಂತ ಹಾಕಿದಾರೆ. ನೆಗೆಟಿವ್ ಅಂದ್ಮೇಲೆ ಇನ್ಫೆಕ್ಷನ್ ಇಲ್ಲ ಅಂತ ತಾನೆ? - ಓದುಗರು, ಹಾಸನ

ಉತ್ತರ: ಮೊದ್ಲು ಅಮ್ಮನ್ನ ಇವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಉಳಿದಿದ್ದು ಆಮೇಲೆ ಓದಿ. ಶುಗರ್ ಇರೋರಿಗೆ ಉರಿಮೂತ್ರದ ಜೊತೆ ಚಳಿಜ್ವರಾನೂ ಬಂದ್ರೆ ಸೋಂಕು ಕಿಡ್ನಿವರೆಗೂ ಏರಿರಬಹುದು, ಕಾಯ್ತಾ ಕೂರೋ ಹಾಗಿಲ್ಲ.

ಈ ನೆಗೆಟಿವ್ ಕೋವಿಡ್ ಟೆಸ್ಟಿನ ನೆಗೆಟಿವ್ ಥರ ಅಲ್ಲ. ಡೆನ್ಮಾರ್ಕಿನ ಡಾಕ್ಟರ್ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್‌ನಲ್ಲಿ ಕೆಲಸ ಮಾಡ್ತಿದ್ದಾಗ ಬ್ಯಾಕ್ಟೀರಿಯಾಗೆ ಬಣ್ಣ ಹಾಕೋ ಒಂದು ವಿಧಾನ ಕಂಡುಹಿಡಿದು 1884ರಲ್ಲಿ ಪ್ರಕಟಿಸಿದ್ರು, ಲ್ಯಾಬ್‌ಗಳಲ್ಲಿ ಇವತ್ತಿಗೂ ಅದೇ ನಡೀತಿದೆ. ಸ್ಲೈಡ್ ಮೇಲೆ ಸ್ಯಾಂಪಲ್ ತೆಳ್ಳಗೆ ಹರಡಿ, ಒಣಗಿಸಿ, ಕ್ರಿಸ್ಟಲ್ ವಯೊಲೆಟ್ ಅನ್ನೋ ನೇರಳೆ ಬಣ್ಣ ಹಾಕ್ತಾರೆ, ಅದ್ರ ಮೇಲೆ ಅಯೋಡಿನ್, ಆಮೇಲೆ ಸ್ಪಿರಿಟ್‌ನಲ್ಲಿ ತೊಳೆದು ಕೊನೇಲಿ ಸ್ಯಾಫ್ರನಿನ್ ಅನ್ನೋ ಕೆಂಪು ಬಣ್ಣ. ದಪ್ಪ ಗೋಡೆ ಇರೋ ಬ್ಯಾಕ್ಟೀರಿಯಾ ನೇರಳೆ ಬಣ್ಣ ಬಿಟ್ಟುಕೊಡಲ್ಲ, ಅವು ಗ್ರಾಂ ಪಾಸಿಟಿವ್. ಗೋಡೆ ತೆಳುವಾಗಿದ್ದು ಅದ್ರ ಹೊರಗೆ ಇನ್ನೊಂದು ಪೊರೆ ಇರೋವು ಸ್ಪಿರಿಟ್ ಬೀಳ್ತಿದ್ದ ಹಾಗೆ ನೇರಳೆ ಕಳ್ಕೊಂಡು ಕೊನೆಗೆ ಗುಲಾಬಿಯಾಗಿ ಕಾಣ್ತವೆ, ಅವು ಗ್ರಾಂ ನೆಗೆಟಿವ್. ಆ ಹೊರಪೊರೆ ದಾಟೋಕೆ ಎಷ್ಟೋ ಔಷಧಿಗಳಿಗೆ ಆಗಲ್ಲ, ವ್ಯಾಂಕೊಮೈಸಿನ್ ಅಂಥದ್ದೊಂದು. ಅದಕ್ಕೇ ಕಲ್ಚರ್, ಅಂದ್ರೆ ಲ್ಯಾಬಲ್ಲಿ ಬೆಳೆಸೋಕೆ ಇಟ್ಟ ಬ್ಯಾಕ್ಟೀರಿಯಾ, ಬೆಳೆಯೋ ಮುಂಚೆನೇ ಬರೀ ಈ ಬಣ್ಣ ನೋಡಿ ಡಾಕ್ಟರ್ ಯಾವ ಥರದ ಔಷಧಿ ಕೊಡ್ಬೇಕು ಅಂತ ಅಂದಾಜು ಮಾಡ್ತಾರೆ.

ಬ್ಯಾಸಿಲೈ ಅಂದ್ರೆ ಕಡ್ಡಿ ಆಕಾರದವು, ಗುಂಡಗಿದ್ರೆ ಕಾಕೈ. ಇ. ಕೋಲಿ ನಮ್ಮೆಲ್ಲರ ಕರುಳಲ್ಲಿ ಇರತ್ತೆ, ಅಲ್ಲಿದ್ದಾಗ ಸಾಮಾನ್ಯವಾಗಿ ತೊಂದ್ರೆ ಇಲ್ಲ, ಮೂತ್ರನಾಳಕ್ಕೆ ಬಂದ್ರೇ ತೊಂದ್ರೆ. ಹೆಂಗಸರಲ್ಲಿ ಆ ನಾಳ ಚಿಕ್ಕದು, ಹಾಗಾಗಿ ಅವರಿಗೇ ಜಾಸ್ತಿ ಆಗೋದು. ಇನ್ನು ಸಿಎಫ್‌ಯು, ಅಂದ್ರೆ ಕಾಲನಿ ಫಾರ್ಮಿಂಗ್ ಯೂನಿಟ್. ಅಳತೆ ಮಾಡಿದ ಒಂದು ಹನಿ ಮೂತ್ರವನ್ನ ಪ್ಲೇಟಿಗೆ ಸವರಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ರೆ ಜೀವ ಇರೋ ಒಂದೊಂದು ಬ್ಯಾಕ್ಟೀರಿಯಾನೂ ಕಣ್ಣಿಗೆ ಕಾಣೋ ಚುಕ್ಕಿಯಾಗಿ ಬೆಳೆಯತ್ತೆ, ಆ ಚುಕ್ಕಿ ಎಣಿಸಿ ಒಂದು ಎಂಎಲ್‌ಗೆ ಎಷ್ಟು ಅಂತ ಲೆಕ್ಕ ಹಾಕ್ತಾರೆ. ಲಕ್ಷ ದಾಟಿದೆ, ಅಮ್ಮಂಗೆ ಲಕ್ಷಣಗಳೂ ಇವೆ, ಅಂದ್ರೆ ಸೋಂಕು ಇದೆ ಅಂತಲೇ.

ಎಸ್ ಅಂದ್ರೆ ಆ ಔಷಧಿಗೆ ಇದು ಬಗ್ಗತ್ತೆ, ಆರ್ ಅಂದ್ರೆ ಬಗ್ಗಲ್ಲ. ಹಾಗಂತ ಎಸ್ ಇರೋದನ್ನ ನೀವೇ ಮೆಡಿಕಲ್ ಶಾಪಲ್ಲಿ ತಗೋಬೇಡಿ ದಯವಿಟ್ಟು, ಕಿಡ್ನಿ ಹೇಗಿದೆ, ಬೇರೆ ಮಾತ್ರೆ ಏನೇನಿದೆ ಅಂತ ನೋಡಿ ಡೋಸ್ ಹೇಳೋದು ಡಾಕ್ಟರ್ ಕೆಲಸ.

ಪ್ರಶ್ನೆ: ನಮ್ಮಜ್ಜಂಗೆ ಯೂರಿನ್ ಪೈಪ್ ಹಾಕಿ ತುಂಬಾ ದಿನ ಆಯ್ತು. ಜ್ವರ, ನೋವು ಏನೂ ಇಲ್ಲ, ಆದ್ರೂ ಕಲ್ಚರಲ್ಲಿ ಬ್ಯಾಕ್ಟೀರಿಯಾ ಬಂದಿದೆ. ಆಂಟಿಬಯಾಟಿಕ್ ಶುರು ಮಾಡ್ಬೇಕಾ? - ಓದುಗರು, ಧಾರವಾಡ

ಉತ್ತರ: ಲಕ್ಷಣ ಇಲ್ದಿದ್ರೆ ಸಾಮಾನ್ಯವಾಗಿ ಬೇಡ. ಪೈಪ್ ಬಹಳ ದಿನ ಇದ್ರೆ ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡ್ಕೊಳತ್ತೆ, ಇದಕ್ಕೆ ಕಾಲನೈಸೇಷನ್ ಅಂತಾರೆ. ದೇಹಕ್ಕೆ ಹಾನಿ ಮಾಡಿ ಜ್ವರ, ನೋವು ತಂದಾಗ ಅದು ಇನ್ಫೆಕ್ಷನ್. ಸುಮ್ನೆ ಔಷಧಿ ಕೊಟ್ರೆ ಬಗ್ಗೋ ಬ್ಯಾಕ್ಟೀರಿಯಾ ಸತ್ತು ಬಗ್ಗದೇ ಇರೋವು ಉಳ್ಕೊಳ್ತವೆ, ನಾಳೆ ನಿಜವಾಗ್ಲೂ ಜ್ವರ ಬಂದಾಗ ಕೊಡೋಕೆ ಔಷಧಿ ಸಿಗೋದು ಕಷ್ಟ. ಬಸುರಿಯರು, ಮೂತ್ರನಾಳದ ಆಪರೇಷನ್ ಆಗ್ಬೇಕಿರೋರು, ಇವರಿಗೆ ಮಾತ್ರ ಲಕ್ಷಣ ಇಲ್ದಿದ್ರೂ ಟ್ರೀಟ್‌ಮೆಂಟ್ ಕೊಡ್ತಾರೆ.

ಪ್ರಶ್ನೆ: ಇಲಿ ಜ್ವರಕ್ಕೆ ಆಂಟಿಬಯಾಟಿಕ್ ಕೊಡ್ತಾರೆ, ಮಂಗನ ಕಾಯಿಲೆಗೆ ಅದು ಉಪಯೋಗ ಇಲ್ಲ ಅಂತಾರೆ. ಎರಡೂ ಜ್ವರಾನೇ ಅಲ್ವಾ ಸಾರ್? - ಓದುಗರು, ಸಾಗರ

ಉತ್ತರ: ಜ್ವರ ಹೌದು, ಆದ್ರೆ ತರೋ ಜೀವಿಗಳೇ ಬೇರೆ. ಇಲಿ ಜ್ವರದ ಲೆಪ್ಟೊಸ್ಪೈರಾ ಒಂದು ಬ್ಯಾಕ್ಟೀರಿಯಾ, ಸುರುಳಿ ಆಕಾರ, ಎಷ್ಟು ಸಪೂರ ಅಂದ್ರೆ ಮೇಲೆ ಹೇಳಿದ ಗ್ರಾಂ ಬಣ್ಣದಲ್ಲಿ ಸರಿಯಾಗಿ ಕಾಣೋದೇ ಇಲ್ಲ. ಇಲಿ ಮೂತ್ರ ಬೆರೆತ ಗದ್ದೆ ನೀರಿಂದ ಕಾಲಿನ ಗಾಯದ ಮೂಲಕ ಒಳಗೆ ಹೋಗತ್ತೆ. ಡಾಕ್ಸಿಸೈಕ್ಲಿನ್, ಪೆನಿಸಿಲಿನ್ ಬೇಗ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡತ್ತೆ.

ಮಂಗನ ಕಾಯಿಲೆ ತರೋದು ವೈರಸ್, 1957ರಲ್ಲಿ ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲೇ ಗೊತ್ತಾಗಿದ್ದು, ಉಣುಗು ಕಚ್ಚೋದ್ರಿಂದ ಬರತ್ತೆ. ವೈರಸ್‌ಗೆ ಸ್ವಂತ ಜೀವಕೋಶ ಇಲ್ಲ, ಗೋಡೆ ಇಲ್ಲ, ನಮ್ಮ ಜೀವಕೋಶದೊಳಗೆ ಹೊಕ್ಕೇ ಹೆಚ್ಚಬೇಕು. ಆಂಟಿಬಯಾಟಿಕ್ ಹೊಡೆಯೋದು ಬ್ಯಾಕ್ಟೀರಿಯಾದ ಗೋಡೆ ಅಥವಾ ಅದರೊಳಗಿನ ಯಂತ್ರಾಂಗವನ್ನ, ವೈರಸ್‌ನಲ್ಲಿ ಅದ್ಯಾವುದೂ ಇಲ್ವಲ್ಲ. ಅಲ್ಲಿ ಡ್ರಿಪ್ಸ್, ರಕ್ತಸ್ರಾವದ ಮೇಲೆ ಕಣ್ಣು, ಆಸ್ಪತ್ರೆಯಲ್ಲಿ ಆರೈಕೆ, ಇಷ್ಟೇ.

ಶುರುವಲ್ಲಿ ಎರಡರಲ್ಲೂ ಜ್ವರ, ತಲೆನೋವು, ಮೈಕೈ ನೋವು, ನೋಡಿದ್ರೆ ಬೇರೆ ಮಾಡೋದು ಕಷ್ಟ. ಹಾಗಾಗಿ ಆಸ್ಪತ್ರೆಗೆ ಹೋದಾಗ ದರಗು ತರೋಕೆ ಕಾಡಿಗೆ ಹೋಗಿದ್ರಾ, ಗದ್ದೆ ನೀರಲ್ಲಿ ಬರಿಗಾಲಲ್ಲಿ ನಿಂತಿದ್ರಾ, ಸುತ್ತಮುತ್ತ ಮಂಗ ಸತ್ತಿತ್ತಾ ಅಂತ ಡಾಕ್ಟರ್ ಕೇಳದೇ ಇದ್ರೂ ನೀವಾಗೇ ಹೇಳಿ, ಯಾವ ಟೆಸ್ಟ್ ಬರೀಬೇಕು ಅನ್ನೋದು ಅದ್ರ ಮೇಲೇ ನಿಂತಿರತ್ತೆ.