ಗೊತ್ತಿದ್ದೂ ಸುಮ್ನಿರೋದು ಯಾಕೆ?

ಪ್ರಶ್ನೆ: ಭೂಮಿ ಬಿಸಿಯಾಗ್ತಿದೆ ಅಂತ ವಿಜ್ಞಾನಿಗಳು ಬಡ್ಕೊಳ್ತಾನೇ ಇದಾರೆ, ಆದ್ರೂ ಯಾರೂ ಯಾಕೆ ಕ್ಯಾರೇ ಅಂತಿಲ್ಲ ಸಾರ್? ನಾನೊಬ್ಬ ಲೈಟ್ ಆಫ್ ಮಾಡಿದ್ರೆ ಏನಾದ್ರೂ ಆಗುತ್ತಾ?

ಉತ್ತರ: ನಿಮ್ಮ ಸಂಕಟ ನನ್ನದೂ ಹೌದು. 1988ರಲ್ಲೇ ನಾಸಾ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಮುಂದೆ ಬಿಸಿಯೇರಿಕೆ ಶುರುವಾಗಿದೆ ಅಂದ್ರು, ಆಗ ಗಾಳೀಲಿ ಬಿಸಿ ಹಿಡಿದಿಡೋ ಕಾರ್ಬನ್ ಡೈಆಕ್ಸೈಡ್ 350 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 350 ಭಾಗ) ಆಸುಪಾಸು, ಈಗ 420 ದಾಟಿದೆ. 1992ರಲ್ಲಿ ಬ್ರೆಜಿಲ್‌ನ ರಿಯೋದಲ್ಲಿ ಹವಾಮಾನ ಒಪ್ಪಂದ ಆಯ್ತು, ಆದ್ರೆ ಕಲ್ಲಿದ್ದಲು ತೈಲ ಗ್ಯಾಸ್‌ನಿಂದ ದೂರ ಸರೀಬೇಕು ಅಂತ ಬರೆಯೋಕೆ 2023ರ ದುಬೈ ಹವಾಮಾನ ಸಮಾವೇಶದವರೆಗೂ ಕಾಯ್ಬೇಕಾಯ್ತು, ಇದು ನಾಚಿಕೆಗೇಡು ಅಲ್ದೆ ಇನ್ನೇನು!

ಕಾರಣ ಏನಂದ್ರೆ ಹೊಗೆ ಬಿಟ್ಟ ಲಾಭ ಇವತ್ತೇ ಕೈಗೆ ಸಿಗುತ್ತೆ, ಅನಿಲ ಮಾತ್ರ ನೂರಾರು ವರ್ಷ ಮೇಲೇ ಇರುತ್ತೆ, ಅದರ ಪೆಟ್ಟು ಬೀಳೋದು ಬಡವರಿಗೆ, ಇನ್ನೂ ಹುಟ್ಟದೇ ಇರೋರಿಗೆ, ಅವರಿಗೆ ವೋಟಿಲ್ಲ. ಅಮೆರಿಕದ ತೈಲ ಕಂಪನಿ ಎಕ್ಸಾನ್‌ನ ಸ್ವಂತ ವಿಜ್ಞಾನಿಗಳೇ 1970ರ ದಶಕದ ಕೊನೇಲಿ ಎಚ್ಚರಿಸಿದ್ರು, ಕಂಪನಿ ಹೊರಗಡೆ ಅನುಮಾನ ಹಬ್ಬಿಸ್ತು. ಇದನ್ನ ಬರೀ ಜನರ ಸೋಮಾರಿತನ ಅನ್ನೋದು ತಪ್ಪು.

ಲೈಟ್ ಆಫ್ ಮಾಡಿ, ಆದ್ರೆ ಅಷ್ಟಕ್ಕೇ ನಿಲ್ಲಬೇಡಿ, ವೋಟು ಕೇಳೋಕೆ ಬಂದವರನ್ನ ವಿದ್ಯುತ್ ಎಲ್ಲಿಂದ ತರ್ತೀರಿ, ಬಸ್ಸು ರೈಲು ಎಷ್ಟು ಹೆಚ್ಚಿಸ್ತೀರಿ ಅಂತ ಕೇಳಿ. ಸರ್ಕಾರಗಳು ಮನಸ್ಸು ಮಾಡಿದ್ರೆ ಆಗುತ್ತೆ: 1987ರ ಮಾಂಟ್ರಿಯಲ್ ಒಪ್ಪಂದದಿಂದ ಓಝೋನ್ ಹಾಳುಮಾಡ್ತಿದ್ದ ಸಿಎಫ್‌ಸಿ ಅನಿಲಗಳ (ಫ್ರಿಡ್ಜ್, ಸ್ಪ್ರೇಗಳಲ್ಲಿ ಬಳಸ್ತಿದ್ದವು) ಬಳಕೆ ಬಹುತೇಕ ನಿಂತು, ಸೂರ್ಯನ ಅಪಾಯಕಾರಿ ಕಿರಣ ತಡೆಯೋ ಓಝೋನ್ ಪದರ ಈಗ ಚೇತರಿಸಿಕೊಳ್ತಿದೆ.